ಜಮಾಲಸಾಬರ ಸಾಬೂನಿನ ನೀರು

ಬಂಕಾಪುರದಲ್ಲಿ ಕಾರುಗಳ ಎ.ಸಿ. ರಿಪೇರಿ ಮಾಡುವ ಜಮಾಲಸಾಬರು ಹೆದರುವ ಮನುಷ್ಯ. ಇದನ್ನು ನಿಂದೆಯಾಗಿ ಹೇಳುತ್ತಿಲ್ಲ. ಹುಬ್ಬಳ್ಳಿಯಲ್ಲಿ ಕೆಲಸ ಕಲಿಯುತ್ತಿದ್ದಾಗ, ಅವರ ಉಸ್ತಾದರು ಬಗ್ಗಿ ನಿಂತಿದ್ದ ಬಾನೆಟ್ಟಿನೊಳಗಿಂದ ಬೆಂಕಿ ಭುಗಿಲೆಂದು ಎದ್ದು, ಹುಬ್ಬುಗಳನ್ನೂ ಒಂದು ಕಣ್ಣನ್ನೂ ಒಯ್ದಿತ್ತು. ಜಮಾಲಸಾಬರು ಅದನ್ನು ಒಂದು ಮಾರು ದೂರದಿಂದ ಕಂಡವರು. ಅಂದಿನಿಂದ ಅವರಿಗೆ ಕೆಲಸವೆಂದರೆ ಭಯ, ಭಯವೆಂದರೆ ಕೆಲಸ.

ಅವರ ಗ್ಯಾರೇಜಿನಲ್ಲಿ ಬೀಡಿ ಸೇದುವಂತಿಲ್ಲ. ಸೋರಿಕೆ ಎಲ್ಲಿದೆಯೆಂದು ತಿಳಿಯುವವರೆಗೆ ಅವರು ಗ್ಯಾಸು ತುಂಬುವುದಿಲ್ಲ. ಅದನ್ನು ಹುಡುಕಲೆಂದೇ ಮಗ್ಗುಲಲ್ಲಿ ಸದಾ ಒಂದು ಬಕೆಟ್ಟು ಸಾಬೂನಿನ ನೀರು ಇರುತ್ತದೆ. ಪೈಪಿನ ಪ್ರತಿಯೊಂದು ಕೀಲಿಗೂ ನೊರೆ ಹಚ್ಚಿ, ಗುಳ್ಳೆ ಏಳುವುದೇ ಎಂದು ಕಣ್ಣು ಕೀಲಿಸಿ ಕಾಯುತ್ತಾರೆ. “ಸಾಬ್ರ, ಕೂಸಿಗೆ ಎರದಂಗ ಕಾರಿಗೆ ಎರಿಯಾಕತ್ತೀರೇನ? ತೊಟ್ಟಲಾನೂ ತರಲೇನ?” ಎಂದು ಗಿರಾಕಿಗಳು ಚುಡಾಯಿಸುತ್ತಾರೆ. ಅವರು ನಗುವುದಿಲ್ಲ.

ಇಷ್ಟು ಎಚ್ಚರದ ಮನುಷ್ಯ ಒಂದು ಬೆಂಕಿಗೆ ಮಾತ್ರ ಬಾಗಿಲು ತೆರೆದಿಟ್ಟಿದ್ದರು. ಪ್ರತಿ ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಅವರ ಹೆಂಡತಿ ಮರಿಯಮಬಿ ಹಿತ್ತಲ ಮನೆಯಿಂದ ಧೂಪದಾನಿಯಲ್ಲಿ ಕೆಂಡ ತಂದು, ಲೋಬಾನ ಉದುರಿಸಿ, ಹತ್ಯಾರಗಳಿಗೂ ನಿಂತ ಕಾರುಗಳಿಗೂ ಹೊಗೆ ತೋರಿಸುತ್ತಿದ್ದಳು. ಅದು ಜಮಾಲಸಾಬರ ತಂದೆಯ ಕಾಲದ ಪದ್ಧತಿ. ಬೇಡವೆನ್ನುವ ಎದೆ ಅವರಿಗಿರಲಿಲ್ಲ. ಬದಲಿಗೆ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಎಲ್ಲ ಗ್ಯಾಸನ್ನೂ ಮುಚ್ಚಿಟ್ಟ ಮೇಲೆ ಅವರು ಬಲಗೈ ಎತ್ತಬೇಕು, ಆಗ ಮಾತ್ರ ಆಕೆ ಒಳಗೆ ಬರಬೇಕು. ಇಂಜಿನಿನ ಸದ್ದಿನಲ್ಲಿ ಮಾತು ಕೇಳಿಸದಾದ್ದರಿಂದ ಇಪ್ಪತ್ತೆರಡು ವರ್ಷ ಎತ್ತಿದ ಕೈಗೆ ‘ಬಾ’ ಎಂಬ ಒಂದೇ ಅರ್ಥವಿತ್ತು.

ಕಳೆದ ಬೇಸಿಗೆಯ ಒಂದು ಗುರುವಾರ ರಟ್ಟೀಹಳ್ಳಿಯ ಮೃತ್ಯುಂಜಯ ತನ್ನ ಬಾಡಿಗೆ ಕಾರನ್ನು ಒಳಗೆ ತಂದು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಅವನ ತಾಯಿ ಸಾವಂತ್ರವ್ವ. ಮಡಚಲು ಬಾರದ ಮೊಣಕಾಲನ್ನು ಹುಬ್ಬಳ್ಳಿಯಲ್ಲಿ ತೋರಿಸಿಕೊಂಡು ಮರಳುತ್ತಿದ್ದಳು.

“ಬರೇ ಬಿಸಿಗಾಳಿ ಬರಾಕತ್ತೈತ್ರಿ ಸಾಬ್ರ,” ಎಂದ ಮೃತ್ಯುಂಜಯ. “ಎರಡ ತಿಂಗಳ ಹಿಂದ ಹೈವೇ ಮ್ಯಾಲ ಒಬ್ಬಾಂವ ಗ್ಯಾಸ್ ಹಾಕಿದ್ದ. ನಿಮ್ಮಂಗ ಎರಕೋತ ಕುಂದರಲಿಲ್ಲ, ಹತ್ತ ಮಿನಿಟಿನ್ಯಾಗ ಕಳಿಸಿದ.”

ಜಮಾಲಸಾಬರು ಬಾನೆಟ್ಟು ಎತ್ತಿ, ಎ.ಸಿ. ಪೈಪಿನ ಮುಚ್ಚಳ ಬಿಚ್ಚಿ, ಗ್ಯಾಸು ಉಳಿದಿದೆಯೇ ಎಂದು ವಾಲ್ವನ್ನು ಮೊಳೆಯ ತುದಿಯಿಂದ ಒಂದಿಷ್ಟೇ ಒತ್ತಿದರು. ಬುಸ್ಸೆಂದಿತು. ಕೈ ತೆಗೆದರೂ ನಿಲ್ಲಲಿಲ್ಲ. ವಾಲ್ವು ಒಳಗೇ ಸಿಕ್ಕಿಕೊಂಡಿತ್ತು. ಆಮೇಲೆ ವಾಸನೆ ಬಂತು. ಅದು ಎ.ಸಿ.ಯ ಗ್ಯಾಸಿನ ವಾಸನೆಯಲ್ಲ.

ಗಾಜು ಇಳಿದಿದ್ದ ಕಿಟಕಿಯೊಳಗಿಂದ ಸಾವಂತ್ರವ್ವ ಗೊಣಗಿದಳು: “ಯಪ್ಪಾ, ಸಿಲಿಂಡರ ಬಿಟ್ಟ ಬಂದಾರೇನ ಯಾರರ? ಮನ್ನಿಯಿಂದ ಗಾಡಿ ತುಂಬ ಇದ ನಾತ. ಇವಗ ಹೇಳಿದ್ರ, ನಿನ್ನ ಸೀರೀಗೆ ಒಗ್ಗರಣಿ ನಾತ ಅಂತಾನ.”

ಅಡುಗೆ ಗ್ಯಾಸು. ಹತ್ತು ನಿಮಿಷದಲ್ಲಿ ಕಳಿಸಿದವನು ಅಡುಗೆ ಗ್ಯಾಸು ತುಂಬಿ ಕಳಿಸಿದ್ದ. ಅದು ಗಾಳಿಗಿಂತ ಭಾರ. ಮೇಲೇಳದೆ ನೆಲ ಹಿಡಿದು ಹರಿಯುತ್ತದೆ. ಗ್ಯಾರೇಜಿನ ನೆಲ ರಸ್ತೆಗಿಂತ ಎರಡು ಗೇಣು ತಗ್ಗು.

“ಗಾಡಿ ಹೊರಗ ತಗೀಲೇನ್ರಿ?” ಮೃತ್ಯುಂಜಯನ ಕೈ ಆಗಲೇ ಕೀಲಿಯ ಮೇಲಿತ್ತು.

“ಮುಟ್ಟಬ್ಯಾಡೋ! ಕಿಡಿ ಹಾರತೈತಿ. ಅವ್ವನ್ನ ಇಳಸ, ಲಗೂ!”

“ಲಗೂ ಅಂದ್ರ ಹೆಂಗ ಇಳೀಲೋ ತಮ್ಮಾ,” ಎಂದಳು ಸಾವಂತ್ರವ್ವ. “ಈ ಕಾಲ ನನ್ನ ಮಾತ ಕೇಳಂಗಿದ್ರ ಹುಬ್ಬಳ್ಳಿಗ್ಯಾಕ ಹೊಕ್ಕಿದ್ದೆ?”

ಆಗ ಹಿತ್ತಲ ಬಾಗಿಲು ಕಿರ್ರೆಂದಿತು. ಹೊಸ್ತಿಲಲ್ಲಿ ಮರಿಯಮಬಿ. ಕೈಯಲ್ಲಿ ಧೂಪದಾನಿ, ಅದರಲ್ಲಿ ಕೆಂಪು ಕೆಂಡ.

ಯಾವ ಮನುಷ್ಯನಾದರೂ ಮಾಡುವುದನ್ನೇ ಜಮಾಲಸಾಬರು ಮಾಡಿದರು. ನಿಲ್ಲೆಂದು ಬಲಗೈ ಎತ್ತಿದರು.

ಆಕೆ ಹೊಸ್ತಿಲು ದಾಟಿದಳು. ಅವರು ಕೈಯನ್ನು ಇನ್ನಷ್ಟು ಎತ್ತಿ ಬೀಸಿದರು. ಅವಸರವೆಂದು ತಿಳಿದು ಆಕೆ ಹೆಜ್ಜೆ ಬಿರುಸು ಮಾಡಿದಳು. ಹೊಗೆ ಹೆಚ್ಚಲೆಂದು ಕೆಂಡವನ್ನು ಊದುತ್ತ ಬಂದಳು. ಜಮಾಲಸಾಬರು ಕೂಗಲು ಬಾಯಿ ತೆರೆದರೆ ಗಂಟಲಿನಿಂದ ಉಸಿರು ಬಂತು, ಸ್ವರ ಬರಲಿಲ್ಲ. ಎಂಟು ಹೆಜ್ಜೆ. ಆರು. ಹಿಂದೆ ಸಾವಂತ್ರವ್ವನ ಒಂದು ಕಾಲು ಕಾರಿನ ಹೊರಗೆ, ಇನ್ನೊಂದು ಒಳಗೆ. ಬುಸ್ಸೆಂಬ ಸದ್ದು ನಿಂತಿರಲಿಲ್ಲ.

ಜಮಾಲಸಾಬರ ಕಾಲಿಗೆ ಬಕೆಟ್ಟು ತಗುಲಿತು. ಎರಡೂ ಕೈಯಿಂದ ಎತ್ತಿ, ಸಾಬೂನಿನ ನೀರೆಲ್ಲವನ್ನೂ ಹೆಂಡತಿಯ ಮೇಲೆ ಎರಚಿದರು.

ಕೆಂಡ ಚುಂಯ್ಯೆಂದು ಕಪ್ಪಾಯಿತು. ಮರಿಯಮಬಿಯ ಮುಖ, ಸೆರಗು, ಎದೆಯೆಲ್ಲ ನೊರೆ. “ಹುಚ್ಚ ಹಿಡದೈತೇನ್ರಿ ನಿಮಗ? ಮಂದಿ ಮುಂದ—” ಎಂದವಳಿಗೆ ಆಗ ವಾಸನೆ ಬಡಿಯಿತು. ಕೈಯಲ್ಲಿದ್ದ ಧೂಪದಾನಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಧೂಪದಾನಿಯನ್ನು ಹಿತ್ತಲಿಗೆ ಎಸೆದು ಓಡಿಬಂದು, ಸಾವಂತ್ರವ್ವನ ಕಂಕುಳಿಗೆ ಕೈಕೊಟ್ಟಳು. ಮೂವರೂ ಸೇರಿ ಮುದುಕಿಯನ್ನು ರಸ್ತೆಯಾಚೆಯ ಬೇವಿನ ಬುಡಕ್ಕೆ ಹೊತ್ತೊಯ್ದರು.

ಗ್ಯಾಸೆಲ್ಲ ಹೋಗಿ ನೆಲದ ವಾಸನೆ ಆರುವವರೆಗೆ ಯಾರೂ ಒಳಗೆ ಕಾಲಿಡಲಿಲ್ಲ. “ಇದನ್ನ ತುಂಬಕೊಂಡ ಎರಡ ತಿಂಗಳ ಮಂದೀನ ಕುಂದರಿಸಿಕೊಂಡ ಅಡ್ಡಾಡೇನಿ,” ಎಂದು ಮೃತ್ಯುಂಜಯ ಮೆಲ್ಲಗೆ ಅಂದ.

ಮರುದಿನ ಜಮಾಲಸಾಬರು ಕಾರನ್ನು ಬಯಲಿನಲ್ಲೇ ನಿಲ್ಲಿಸಿಕೊಂಡು, ಕಾರಿನೊಳಕ್ಕೆ ಸೋರುತ್ತಿದ್ದ ಕೂಲಿಂಗ್ ಕಾಯಿಲನ್ನೂ ವಾಲ್ವನ್ನೂ ಬದಲಿಸಿ, ನೊರೆ ಹಚ್ಚಿ ನೋಡಿ, ಸರಿಯಾದ ಗ್ಯಾಸು ತುಂಬಿದರು. ಮೃತ್ಯುಂಜಯ ಗಾಳಿಗೆ ಅಂಗೈ ಒಡ್ಡಿ, “ಥಂಡಿ ಆತ್ರಿ ಸಾಬ್ರ, ಕೈ ಇಟ್ಟ ನೋಡ್ರಿ,” ಎಂದ. ಅವರು ಕೈ ಇಡಲಿಲ್ಲ. ಮತ್ತೊಮ್ಮೆ ಪೈಪಿನ ಕೀಲುಗಳಿಗೆ ನೊರೆ ಹಚ್ಚತೊಡಗಿದರು.

ಮುಂದಿನ ಗುರುವಾರ ಗ್ಯಾರೇಜಿನಲ್ಲಿ ಒಂದು ಕಾರೂ ಇರಲಿಲ್ಲ; ಸಿಲಿಂಡರುಗಳೆಲ್ಲ ಮುಚ್ಚಿದ್ದವು. ಅಸರ್ ಹೊತ್ತಿಗೆ ಹಿತ್ತಲ ಬಾಗಿಲು ತೆರೆಯಿತು. ಮರಿಯಮಬಿ ಧೂಪದಾನಿ ಹಿಡಿದು ಹೊಸ್ತಿಲಾಚೆ ನಿಂತು, ಗಂಡನ ಬಲಗೈಯನ್ನೇ ನೋಡಿದಳು. ಜಮಾಲಸಾಬರು ಹೊಸ ಸಾಬೂನಿನ ನೀರು ತುಂಬಿದ್ದ ಬಕೆಟ್ಟಿನ ಹಿಡಿಕೆಯನ್ನು ಅದೇ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಆ ಕೈ ಮೇಲೇಳಲಿಲ್ಲ. ಕೆಂಡ ಬೂದಿಯಾಗುವವರೆಗೂ ಆಕೆ ಅಲ್ಲಿಯೇ ನಿಂತಿದ್ದಳು.