ವಿಠಲ ಸೇದದ ಸಿಗರೇಟು

ಕೊರೊನಾ ಮುಗಿದ ಮೇಲಿನ ಎರಡನೇ ಬೇಸಿಗೆ. ಕುವೈತ್‌ನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಏಸಿ ಕಂಪನಿಯಲ್ಲಿ ನಾನು ಸರ್ವಿಸ್ ಎಂಜಿನಿಯರ್ ಆಗಿದ್ದೆ. ಆ ವರ್ಷ ಯುರೋಪಿನಿಂದ ಹೊಸ ಯಂತ್ರಗಳು ಬಂದವು. ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಹೀಟ್ ಪಂಪ್‌ಗಳು ಅವು. ಅವನ್ನೇ ಹಿಮ್ಮುಖವಾಗಿ ಓಡಿಸಿದರೆ ಮನೆ ತಂಪಾಗುತ್ತದೆ. ಅವುಗಳ ರೆಫ್ರಿಜರೆಂಟ್, ಅಂದರೆ ಶಾಖ ಹೊತ್ತೊಯ್ಯುವ ಗ್ಯಾಸ್, ಪ್ರೊಪೇನ್. ನಾವು ಅದುವರೆಗೆ ತುಂಬುತ್ತಿದ್ದ ಗ್ಯಾಸ್ ಸೋರಿದರೆ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಾರು ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಪ್ರೊಪೇನ್‌ನಿಂದ ಆ ಅಪಾಯವಿಲ್ಲ. ಆದರೆ ಅದು ಉರಿಯುತ್ತದೆ.

ಯಂತ್ರ ಬಯಲಿನಲ್ಲಿದ್ದರೆ ಹೆದರಬೇಕಿಲ್ಲ, ಸೋರಿದ್ದು ಗಾಳಿಯಲ್ಲಿ ಚದುರಿಹೋಗುತ್ತದೆ. ಸುತ್ತ ಗೋಡೆಯಿದ್ದರೆ ಮಾತ್ರ ಗಾಳಿಗಿಂತ ಭಾರವಾದ ಈ ಗ್ಯಾಸ್ ಕೆಳಗೆ ತುಂಬಿಕೊಳ್ಳುತ್ತದೆ. ಅಡುಗೆ ಗ್ಯಾಸಿಗಿರುವಂಥ ವಾಸನೆಯೂ ಇದಕ್ಕಿಲ್ಲ. ಇದನ್ನು ಎಲ್ಲರಿಗೂ ಬಾಯಿ ನೋಯುವಷ್ಟು ಹೇಳಿದ್ದೆ.

ಹೇಳಿದ್ದು ಬೇಡವಾದದ್ದು ನಮ್ಮ ಮ್ಯಾನೇಜರ್ ಸದಾಶಿವಣ್ಣನಿಗೆ. ಉಡುಪಿ ಕಡೆಯವರು, ಊರಿನ ಎಷ್ಟೋ ಜನರಿಗೆ ವೀಸಾ ಮಾಡಿಸಿಕೊಟ್ಟವರು. ನಮ್ಮವರ ಸಂಘದ ಯಾವ ಕಾರ್ಯಕ್ರಮದಲ್ಲೂ ಅವರಿಗೆ ಶಾಲು ತಪ್ಪುತ್ತಿರಲಿಲ್ಲ. ಫಹಾಹೀಲ್‌ನ ಒಂದು ವಿಲ್ಲಾದ ಯಜಮಾನ, ಯಂತ್ರಕ್ಕೆ ಧೂಳು ಬೀಳುತ್ತದೆಂದು ಛಾವಣಿಯ ಮೇಲೆ ಅದರ ಸುತ್ತ ಕೋಣೆಯೊಂದನ್ನು ಕಟ್ಟಿಸಲು ಹೊರಟ. ಸದಾಶಿವಣ್ಣ ಆಗಲಿ ಎಂದುಬಿಟ್ಟರು. ನಾನು ತಕರಾರು ತೆಗೆದೆ.

"ಎಂತ ಆಗುದಿಲ್ಲ ಗ್ರೇಸಿಬಾಯಿ. ಬೇಕಾದ್ರೆ ಒಂದು ಫ್ಯಾನ್ ಹಾಕಿಸುವ," ಎಂದು ನಕ್ಕರು. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಜುಲೈಯಲ್ಲಿ ಆ ಮನೆಯಿಂದ ತಂಪು ಸಾಲದೆಂದು ದೂರು ಬಂತು. ಹೋದದ್ದು ವಿಠಲ, ಸದಾಶಿವಣ್ಣನ ಊರಿನವನೇ, ನನ್ನ ತಂಡದ ಟೆಕ್ನೀಷಿಯನ್. ಪೈಪಿನ ಜೋಡಣೆಯಲ್ಲಿ ಗ್ಯಾಸ್ ಸೋರಿ ಕೋಣೆಯಲ್ಲಿ ತುಂಬಿತ್ತು. ಒಳಗೆ ಕಾಲಿಟ್ಟವನು ಸೆಕೆ ತಾಳಲಾರದೆ, ಸೋರಿಕೆ ಪತ್ತೆಹಚ್ಚುವ ಡಿಟೆಕ್ಟರನ್ನು ಚೀಲದಿಂದ ತೆಗೆಯುವ ಮೊದಲೇ, ಅಲ್ಲಿ ಹಾಕಿಸಿದ್ದ ಫ್ಯಾನಿನ ಸ್ವಿಚ್ ಒತ್ತಿದ. ಸಾಮಾನ್ಯ ಸ್ವಿಚ್, ಅದರ ಸಣ್ಣ ಕಿಡಿಯೇ ಸಾಕಾಯಿತು. ಜೀವ ಉಳಿಯಿತು, ಎರಡೂ ಕೈ ಸುಟ್ಟುಹೋದವು. ಇದಿಷ್ಟನ್ನೂ ಅವನು ಆಸ್ಪತ್ರೆಯಲ್ಲಿ ನನಗೆ ಹೇಳಿದ್ದ.

ಕಂಪನಿಯ ಕುವೈತಿ ಮಾಲೀಕರ ಎದುರು ಸದಾಶಿವಣ್ಣ ಬೇರೆಯೇ ಕತೆ ಹೇಳಿದರು: ವಿಠಲ ಅಲ್ಲಿ ಸಿಗರೇಟು ಹಚ್ಚಿದನಂತೆ. ಅವನು ಸಿಗರೇಟು ಮುಟ್ಟಿದವನಲ್ಲ, ತಪ್ಪು ಕೋಣೆಯದು, ಅದಕ್ಕೆ ಒಪ್ಪಿದ್ದು ಇವರು ಎಂದು ನಾನು ಅಲ್ಲಿಯೇ ಹೇಳಿದೆ. ಮಾಲೀಕರು ವಿಠಲನನ್ನೇ ಕರೆಸಿದರು. ಬ್ಯಾಂಡೇಜಿನ ಕೈಗಳನ್ನು ಎದೆಗೊತ್ತಿಕೊಂಡು ನಿಂತ ಅವನು, ಸೇದಿದ್ದು ಹೌದು, ತಪ್ಪಾಯಿತು ಎಂದ.

ಹೊರಗೆ ಬಂದ ಮೇಲೆ ಏಕೆ ಹೀಗೆ ಮಾಡಿದೆ ಎಂದು ಬೈದೆ.

"ನನಗಿನ್ನು ಸ್ಪಾನರ್ ಹಿಡಿಲಿಕ್ಕೆ ಆಗುದಿಲ್ಲ ಅಕ್ಕಾ," ಎಂದ. "ತಮ್ಮನ ವೀಸಾ ಸದಾಶಿವಣ್ಣನ ಹತ್ರ ಉಂಟು. ನನ್ನನ್ನೂ ಇಲ್ಲಿಗೆ ತಂದದ್ದು ಅವರೇ ಅಲ್ವಾ?"

ಅವನ ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ರದ್ದಾಯಿತು, ಊರಿಗೆ ಹೋದ. ಪ್ರೊಪೇನ್ ಅಪಾಯಕಾರಿ ಎಂದು ಕಂಪನಿ ಹಳೆಯ ಗ್ಯಾಸಿಗೇ ಮರಳಿತು. ಛಾವಣಿಯ ಕೋಣೆ ಸುಣ್ಣ ಬಳಿಸಿಕೊಂಡು ಅಲ್ಲೇ ಉಳಿಯಿತು. ಆ ವರ್ಷವೂ ಸಂಘದವರು ಸದಾಶಿವಣ್ಣನಿಗೆ ಶಾಲು ಹೊದಿಸಿದರು, ನಾನು ಎದ್ದು ಹೊರಗೆ ಬಂದೆ.

ಅಪಘಾತದ ಕಾರಣ ಹುಡುಕುವವರು ಯಂತ್ರ ಬಿಚ್ಚುವ ಮೊದಲು, ಯಾರು ಯಾರ ಹಂಗಿನಲ್ಲಿದ್ದಾರೆ ಎಂದು ನೋಡಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇದು, ಯಾವ ತರಬೇತಿಯಲ್ಲೂ ಹೇಳಿಕೊಡದ ಪಾಠ.

ಚಳಿಗಾಲಕ್ಕೆ ವಿಠಲನ ತಮ್ಮ ಬಂದು ನನ್ನ ತಂಡವನ್ನೇ ಸೇರಿದ. ಮೊದಲ ವಾರದಲ್ಲೇ ಒಂದು ದಿನ ವ್ಯಾನಿನಲ್ಲಿ ಕೇಳಿದ: "ಅಣ್ಣ ಯಾವಾಗಿಂದ ಸಿಗರೇಟು ಸೇದ್ಲಿಕ್ಕೆ ಶುರು ಮಾಡಿದ್ದು ಅಕ್ಕಾ?"

ನಡೆದದ್ದನ್ನೆಲ್ಲ ಹೇಳಿದೆ. ಅವನು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತ. ಮರುದಿನ ಬೆಳಿಗ್ಗೆ ನಾವಿಬ್ಬರೂ ಆಫೀಸಿಗೆ ಬಂದಾಗ ಸದಾಶಿವಣ್ಣ ಎದುರಾದರು. ಅವನು ಕೈಮುಗಿದು, ಬದಿಗೆ ಸರಿದು ದಾರಿ ಬಿಟ್ಟ.