ಏನೂ ಕಾಣದ ಕಿಟಕಿ

ಕಳೆದ ಶನಿವಾರ ಕಾವೂರಿನಲ್ಲಿ ಬಸ್ಸಿನಿಂದ ಇಳಿದಾಗ, ಕೆರೆಯಿಂದ ಎಳೆದು ದಂಡೆಗೆ ಹಾಕಿದ್ದ ಅಂತರಗಂಗೆಯ ರಾಶಿ ಬಿಸಿಲಿಗೆ ಕೊಳೆಯುತ್ತಿತ್ತು. ಹಸಿ ಬೇರು, ಕೆಸರು, ಸತ್ತ ಬಸವನಹುಳು ಎಲ್ಲ ಸೇರಿದ ವಾಸನೆ. ಆ ವಾಸನೆ ನನಗೆ ಟೀಚರನ್ನು ನೆನಪಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನಾನು ಅಲ್ಲಿಗೆ ಹೋದದ್ದೇ ಅವರ ವಿಷಯ ಮಾತಾಡಲು. ಬಸ್ಸಿನಲ್ಲಿ ಕುಳಿತಾಗಲೇ ಅವರು ತಲೆಯಲ್ಲಿದ್ದರು. ವಾಸನೆ ಮಾಡಿದ್ದು ಇಷ್ಟೇ: ಅಲ್ಲಿಯವರೆಗೆ ಬರೀ ಧ್ವನಿಯಾಗಿದ್ದವರಿಗೆ ಒಂದು ಕೈ ಬಂತು. ಕೊಡೆಯ ತುದಿಯಿಂದ ಅಂತರಗಂಗೆಯ ಗಿಡವೊಂದನ್ನು ಎತ್ತಿ, ನೀರು ಸೋರುವ ಬೇರನ್ನು ಮಕ್ಕಳ ಮೂಗಿನ ಹತ್ತಿರ ಹಿಡಿಯುವ ಕೈ. "ಮೂಗು ಮುಚ್ಚಬಾರದು. ಮೊದಲು ಎಂತ ವಾಸನೆ ಅಂತ ಹೇಳಿ, ಮತ್ತೆ ಬೇಕಾದ್ರೆ ಮುಚ್ಚಿ."

ಅವರು ನನಗೆ ಪಾಠ ಮಾಡಿದವರಲ್ಲ. ನಾನು ಹಂಪನಕಟ್ಟೆಯ ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಪುಟ ಜೋಡಿಸುವವನು. ಹಕ್ಕಿಗಳ ಚಾರ್ಟ್ ಮಾಡಿಸಲು ಬಂದ ಅವರು, ಕೊಳಬಕದ ಕಾಲಿನ ಬಣ್ಣ ಸರಿಯಿಲ್ಲವೆಂದು ಮೂರು ಸಲ ಹಿಂತಿರುಗಿಸಿ, ನಾಲ್ಕನೆಯ ಸಲ "ನೀವೇ ಬಂದು ನೋಡಿ ಮಾರಾಯ್ರೆ, ಅದರ ಕಾಲು ಅಲ್ಲಿಯೇ ಉಂಟು" ಎಂದು ನನ್ನನ್ನು ಇದೇ ಕಾವೂರಿನ ಕೆರೆಗೆ ಕರೆದುಕೊಂಡು ಹೋದರು. ಆಮೇಲೆ ಬಿಡಲಿಲ್ಲ. ವಿಜ್ಞಾನ ಕಲಿಸಿ ನಿವೃತ್ತರಾಗಿ, ಬೋಳಾರದಲ್ಲಿ ತಂಗಿಯ ಜೊತೆ ಇದ್ದರು. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ, ಬಸ್ಸಿನ ಕಂಡಕ್ಟರನ ಜೊತೆ ತುಳುವಿನಲ್ಲಿ ಜಗಳ.

ಅವರದೊಂದು ಬಳಗವಿತ್ತು. ಏಳೆಂಟು ಶಾಲೆಗಳ ಮಾಸ್ಟ್ರು, ಟೀಚರುಗಳು. ಶನಿವಾರ ಮಕ್ಕಳನ್ನು ಕೆರೆ, ಗದ್ದೆ, ನದಿಯಂಚಿನ ಕಾಂಡ್ಲಾ ಗಿಡಗಳ ಕೆಸರು, ಹೀಗೆ ನೀರು ನಿಲ್ಲುವ ಜಾಗಗಳಿಗೆ ಕರೆದೊಯ್ಯುವುದು, ನೋಡಿದ್ದನ್ನು ಬರೆಸುವುದು, ಬರೆದದ್ದನ್ನು ಶಾಲೆಯಿಂದ ಶಾಲೆಗೆ ಹಂಚುವುದು. ಅಷ್ಟೇ ಕೆಲಸ.

ಲಾಕ್‌ಡೌನ್ ಬಂದಾಗ ಅದು ನಿಂತಿತು. ಬಸ್ಸಿಲ್ಲ, ಶಾಲೆಯಿಲ್ಲ. ಬಳಗದವರು ಆಗ ಎಲ್ಲರೂ ಮಾಡಿದ್ದನ್ನೇ ಮಾಡಿದರು, ವಿಡಿಯೋ. ಮುದ್ರಣಾಲಯ ಮುಚ್ಚಿದ್ದರಿಂದ ನನಗೆ ಪುರುಸೊತ್ತಿತ್ತು. ಶಕ್ತಿನಗರದ ಮನೆಯಲ್ಲಿ ಕುಳಿತು ಎಲ್ಲೆಲ್ಲಿಂದಲೋ ಚಿತ್ರ ತಂದು ಸೇರಿಸಿ, ಹಿನ್ನೆಲೆಗೆ ಕೊಳಲು ಹಾಕಿ ಕಳುಹಿಸಿದೆ. ಟೀಚರ ಹತ್ತಿರ ಇದ್ದದ್ದು ಬಟನ್ ಫೋನ್. ತಂಗಿಯ ಫೋನಿನಲ್ಲಿ ನೋಡಿ ಕರೆ ಮಾಡಿದರು.

"ಚಂದ ಉಂಟು. ಯಾರ ಕೆರೆ ಇದು?"

"ಎಲ್ಲಿಯದೋ ಟೀಚರ್. ಕೆರೆ ಅಲ್ವಾ, ಸಾಕಲ್ಲ."

"ನಮ್ಮದು ಅಲ್ಲಿಯೇ ಉಂಟಲ್ಲ ಮಾರಾಯ್ರೆ. ಅದಕ್ಕೆ ಎಂತ, ಕೊರೋನಾ ಬಂದಿದಾ?"

ಕಿಟಕಿಯ ಉಪಾಯ ಆ ದಿನವೇ ಹೊಳೆಯಿತೋ, ಆ ವಾರದಲ್ಲೋ... ನನ್ನ ನೆನಪಿನಲ್ಲಿ ಎರಡೂ ಒಂದೇ ಫೋನಿನಲ್ಲಿ ನಡೆಯುತ್ತವೆ. ಹಾಗೆ ನಡೆದಿರಲಿಕ್ಕಿಲ್ಲ.

ಕೆರೆಯ ಸುತ್ತ ಮನೆಯಿದ್ದ ಒಂಬತ್ತು ಮಕ್ಕಳನ್ನು ಅವರು ಹುಡುಕಿದರು. ಒಬ್ಬೊಬ್ಬರಿಗೂ ಅವರವರ ಮನೆಯ ಒಂದು ಕಿಟಕಿ. ಶನಿವಾರ ಸಂಜೆ ನಾಲ್ಕೂವರೆಯಿಂದ ಹತ್ತು ನಿಮಿಷ ಅಲ್ಲಿ ನಿಲ್ಲಬೇಕು, ಕೈಯಲ್ಲಿ ಏನೂ ಇರಬಾರದು. ಆಮೇಲೆ ಟೀಚರ್ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದರು; ಅಪ್ಪನ ಫೋನಿಗೆ, ಅಜ್ಜಿಯ ಫೋನಿಗೆ, ಒಬ್ಬನಿಗಂತೂ ಪಕ್ಕದ ಮನೆಯ ಕಾಕನ ಫೋನಿಗೆ. ಒಬ್ಬನಿಗೆ ಕಾಣುತ್ತಿದ್ದದ್ದು ಕೆರೆಯ ಮೆಟ್ಟಿಲು ಮಾತ್ರ. ಇನ್ನೊಬ್ಬಳಿಗೆ ನೀರೇ ಕಾಣದು, ದಂಡೆಯ ತೆಂಗಿನ ಮರದ ತಲೆ ಮಾತ್ರ.

"ಟೀಚರ್, ಒಂದು ಕಪ್ಪು ಹಕ್ಕಿ ಅಂಗಿ ಒಣಗ್ಲಿಕ್ಕೆ ಹಾಕಿದ ಹಾಗೆ ರೆಕ್ಕೆ ಬಿಡಿಸಿ ನಿಂತಿದೆ."

"ಅದು ನೀರುಕಾಗೆ. ಅಂಗಿಯಿಂದ ನೀರು ಬೀಳ್ತಾ ಉಂಟಾ?"

"ಅಷ್ಟು ಕಾಣುದಿಲ್ಲ ಟೀಚರ್."

"ಕಾಣುದಿಲ್ಲ ಅಂತ ಬರೀತೇನೆ."

ಒಂಬತ್ತು ಕಿಟಕಿಗಳದ್ದೂ ಬೇರೆ ಬೇರೆಯೇ ಬರೆಯುತ್ತಿದ್ದರು. ಸೇರಿಸಿ ಒಂದು ಕೆರೆ ಮಾಡಬಾರದು, ಅದು ಅವರ ಕಟ್ಟುನಿಟ್ಟು. ಆರು ಗಂಟೆಗೆ ಅವೆಲ್ಲವನ್ನೂ ನನಗೆ ಫೋನಿನಲ್ಲಿ ಓದಿ ಹೇಳುವರು; ನಾನು ಟೈಪ್ ಮಾಡಿ ಬಳಗಕ್ಕೆ ಕಳುಹಿಸುವೆ. ಬೇರೆ ಶಾಲೆಯವರೂ ಇದನ್ನು ಹಿಡಿದುಕೊಂಡರು. ಗದ್ದೆ ಬದಿಯ ಮನೆಯ ಮಕ್ಕಳು ಗದ್ದೆಯನ್ನು, ಬಾವಿಯಿದ್ದವರು ಬಾವಿಯನ್ನು, ಫ್ಲ್ಯಾಟಿನ ಮಕ್ಕಳು ಕೆಳಗಿನ ಚರಂಡಿಯನ್ನು ನೋಡಿದರು. ಚರಂಡಿಯಲ್ಲಿಯೂ ಹುಂಡುಕೋಳಿಯಂಥ ನೀರುಹಕ್ಕಿ ಇಳಿಯುತ್ತದೆಂದು ನನಗೆ ಆಗಲೇ ಗೊತ್ತಾದದ್ದು. ಊರಿನ ತೇವವೆಲ್ಲ ತುಂಡು ತುಂಡಾಗಿ ನನ್ನ ಕಂಪ್ಯೂಟರಿಗೆ ಬರುತ್ತಿತ್ತು.

ಮುಂದಿನ ವರ್ಷ ಶಾಲೆ ಸ್ವಲ್ಪ ತೆರೆದು, ಎರಡನೆಯ ಅಲೆಗೆ ಮತ್ತೆ ಮುಚ್ಚಿತು. ಕಿಟಕಿಗಳು ಪುನಃ ಶುರುವಾದವು. ಆಗ ಹೊಸದಾಗಿ ಸೇರಿದವಳು ಏಳನೆಯ ಕ್ಲಾಸಿನ ಒಬ್ಬ ಹುಡುಗಿ. ಅವಳ ಕಿಟಕಿಗೆ ಕಾಣುತ್ತಿದ್ದದ್ದು ಕಾಂಪೌಂಡ್ ಗೋಡೆ, ಅದರಾಚೆ ಒಂದು ಹಿಡಿ ಜೊಂಡು. ಮೊದಲ ಶನಿವಾರ ಟೀಚರ್ ಓದಿದರು: "ಅವಳದ್ದು, ಏನೂ ಇಲ್ಲ." ಎರಡನೆಯ ಶನಿವಾರ ಏನೂ ಇಲ್ಲ. ಮೂರನೆಯದು, ನಾಲ್ಕನೆಯದು. ಉಳಿದ ಮಕ್ಕಳಿಗೆ ಮಿಂಚುಳ್ಳಿ, ನೀರುಕಾಗೆ, ನಾಮದ ಕೋಳಿ. ಹಾಳೆಯಲ್ಲಿ ಇವಳ ಹೆಸರಿನ ಮುಂದೆ ಪ್ರತಿ ವಾರವೂ ಅದೇ ಎರಡು ಪದ.

ಪುಟದಲ್ಲಿ ಖಾಲಿ ಜಾಗ ಕಂಡರೆ ತುಂಬಿಸುವುದು ನನ್ನ ಕಸುಬು. ನಾಲ್ಕನೆಯ ಶನಿವಾರ ನಾನು ಅವಳ ಹೆಸರಿನ ಮುಂದೆ ಟೈಪ್ ಮಾಡಿದೆ: ಜೊಂಡಿನಿಂದ ಹುಂಡುಕೋಳಿ ಹೊರಗೆ ಬಂತು, ಹಿಂದೆ ಮೂರು ಮರಿ. ಪಾಪ ಅನಿಸಿತ್ತು, ಅಷ್ಟೇ. ಅಥವಾ ಹಾಳೆ ಚೆಂದ ಕಾಣಲಿ ಎಂದಿತ್ತು... ಯಾವುದು ಮೊದಲು ಎಂದು ಈಗ ಹೇಳಲಾರೆ.

ಆ ವಾರ ಬಳಗದವರಿಗೆಲ್ಲ ಆ ಮೂರು ಮರಿಗಳೇ ಮಾತು. ಆಸ್ಪತ್ರೆ, ಆಕ್ಸಿಜನ್, ಸಾವಿನ ಸುದ್ದಿಗಳ ನಡುವೆ ಮರಿ ಎಂಬ ಪದವೇ ಎಲ್ಲರಿಗೂ ಬೇಕಾಗಿತ್ತೇನೋ. ಒಬ್ಬರು ಮಾಸ್ಟ್ರು ಹುಡುಗಿಯ ಅಪ್ಪನ ಫೋನಿಗೆ ಶಹಬ್ಬಾಸ್ ಎಂದು ಧ್ವನಿ ಸಂದೇಶ ಕಳುಹಿಸಿದರು. ಇನ್ನೊಬ್ಬರು ಟೀಚರಿಗೆ ಫೋನ್ ಮಾಡಿ ಸಂತೋಷಪಟ್ಟರು. ಟೀಚರ್ ನಮ್ಮ ಹಾಳೆಯನ್ನು ನೋಡುತ್ತಿರಲಿಲ್ಲ. ಅವರ ನೋಟ್‌ಬುಕ್ಕಿನಲ್ಲಿ ಏನೂ ಇಲ್ಲ ಎಂದೇ ಇತ್ತು. ತಾನು ಕೇಳಿಸಿಕೊಂಡದ್ದೇ ತಪ್ಪೋ ಎಂದು ಅವರು ಹುಡುಗಿಗೆ ಫೋನ್ ಮಾಡಿ, ಮರಿ ನೋಡಿದ್ದಾ ಎಂದು ಕೇಳಿದರು. ಅವಳು ಹೌದು ಟೀಚರ್ ಎಂದಳು. ಮೂರಾ? ಮೂರು ಟೀಚರ್.

ಆಮೇಲೆ ಫೋನ್ ನನಗೆ ಬಂತು.

"ನೀವು ಹಾಕಿದ್ದಾ?"

ನಾನು ಹೌದೆಂದೆ. ಪಾಪ ಅನಿಸಿತು ಎಂದೆ.

"ನಾಲ್ಕು ವಾರ ಆ ಹುಡುಗಿ ಏನೂ ಇಲ್ಲ ಅಂತ ಹೇಳಿದ್ದಾಳೆ ಮಾರಾಯ್ರೆ. ಎಲ್ಲ ಮಕ್ಕಳಿಗೆ ಎಂತೆಂತದೋ ಸಿಗುವಾಗ ಏನೂ ಇಲ್ಲ ಅಂತ ಹೇಳ್ಲಿಕ್ಕೆ ದೊಡ್ಡವರಿಗೆ ಆಗ್ತದಾ? ನಿಮಗೆ ಆಗ್ತದಾ? ಅವಳಿಗೆ ಆಗ್ತಿತ್ತು. ಈಗ ಅವಳು ಕೂಡ ಹೌದು ಅಂದ್ಲು."

ಬೈದಿದ್ದರೆ ಸುಲಭವಿತ್ತು. ಅವರ ಧ್ವನಿ ಸಣ್ಣಗಾಗಿತ್ತು. ನೀವೇ ಅವಳಿಗೆ ಹೇಳಬೇಕು, ನಾನು ಹೇಳಿದರೆ ಅವಳಿಗೆ ನಾಚಿಕೆಯಾಗುತ್ತದೆ ಎಂದರು.

ಮುಂದಿನ ಶನಿವಾರ ಹುಡುಗಿ ಫೋನ್ ಎತ್ತಲಿಲ್ಲ. "ಹೇಳಿದ್ರಾ?" ಎಂದು ಟೀಚರ್ ಕೇಳಿದರು. ಹೇಳಿರಲಿಲ್ಲ. ಅದರ ಮುಂದಿನ ಶನಿವಾರವೂ ಅವಳು ಎತ್ತಲಿಲ್ಲ, ನಾನೂ ಹೇಳಿರಲಿಲ್ಲ. ಐವತ್ತು ಸಮೀಪಿಸಿದ ಗಂಡಸು ಹನ್ನೆರಡು ವರ್ಷದ ಹುಡುಗಿಗೆ ಫೋನ್ ಮಾಡಲು ಹೆದರಿದ್ದೆ. ಟೀಚರ್ ಕೆಮ್ಮುತ್ತಿದ್ದರು, ಧೂಳು ಎಂದರು. ಅವಳ ಹೆಸರಿನ ಮುಂದೆ "ಫೋನ್ ಎತ್ತಲಿಲ್ಲ" ಎಂದು ನನ್ನಿಂದಲೇ ಬರೆಸಿದರು.

ಸೋಮವಾರ ಕೊನೆಗೂ ಮಾಡಿದೆ. ತಾಯಿ ಎತ್ತಿ ಅವಳಿಗೆ ಕೊಟ್ಟರು. ಮರಿಗಳನ್ನು ಬರೆದದ್ದು ನಾನು, ಟೀಚರಿಗೆ ಅದು ಗೊತ್ತು ಎಂದೆ.

"ನಾನು ಕೂಡ ಹೌದು ಅಂದೆ ಅಂಕಲ್."

"ಅದು ನನ್ನಿಂದ ಆದದ್ದು."

"ಅಲ್ಲ, ಹೇಳಿದ್ದು ನಾನಲ್ವಾ." ಆಮೇಲೆ, "ಶನಿವಾರ ಟೀಚರಿಗೆ ನಾನೇ ಹೇಳ್ತೇನೆ. ಅಲ್ಲಿಯವರೆಗೆ ನೀವು ಎಂತ ಹೇಳ್ಬೇಡಿ, ಆಯ್ತಾ?"

ಮಾತು ಕೊಟ್ಟೆ. ಆದ್ದರಿಂದ ಮಂಗಳವಾರ ಟೀಚರ್ ಬೇರೇನೋ ಕೇಳಲು ಫೋನ್ ಮಾಡಿದಾಗಲೂ ಹೇಳಲಿಲ್ಲ. ಗುರುವಾರ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಶನಿವಾರ ಸಂಜೆ ಹುಡುಗಿ ತಾನಾಗಿಯೇ ಅವರಿಗೆ ಫೋನ್ ಮಾಡಿದಳಂತೆ, ಮೂರು ಸಲ. ಬಟನ್ ಫೋನ್ ಬೋಳಾರದ ಮನೆಯ ಮೇಜಿನ ಮೇಲಿತ್ತು, ತಂಗಿ ಇನ್ನೊಂದು ವಾರ್ಡಿನಲ್ಲಿದ್ದರು. ಅದರ ಮರುವಾರ ಟೀಚರ್ ತೀರಿಕೊಂಡರು. ಮಣ್ಣು ಮಾಡುವಾಗ ಇದ್ದವರು ಕೆಲವೇ ಮಂದಿ. ನಾನಿರಲಿಲ್ಲ, ಆದ್ದರಿಂದ ಅದರ ಬಗ್ಗೆ ಬರೆಯುವುದಿಲ್ಲ.

ಬಳಗ ನಿಲ್ಲಲಿಲ್ಲ. ಕೆರೆಗೆ ಈಗ ಬೇಲಿ, ನಡೆಯುವ ದಾರಿ, ದೀಪದ ಕಂಬ ಬಂದಿವೆ, ಮಕ್ಕಳೂ ಬರುತ್ತಾರೆ. ಆ ಹುಡುಗಿ ಪಿಯುಸಿ ಮುಗಿಸಿ ನರ್ಸಿಂಗ್ ಸೇರಿದ್ದಾಳೆ, ಬಿಡುವಿದ್ದ ಶನಿವಾರ ಅವರನ್ನು ಕರೆದುಕೊಂಡು ಬರುತ್ತಾಳೆ. ಇಷ್ಟು ವರ್ಷ ನಾವಿಬ್ಬರೂ ಈ ವಿಷಯ ಎತ್ತಿರಲಿಲ್ಲ. ಆ ಶನಿವಾರದ ಹಿಂದಿನ ವಾರ ಅವಳೇ, ಟೀಚರ ವಿಷಯ ಒಂದು ಕೇಳ್ಲಿಕ್ಕುಂಟು ಅಂಕಲ್, ಕೆರೆ ಹತ್ತಿರ ಬನ್ನಿ ಎಂದಿದ್ದಳು.

ಮಕ್ಕಳನ್ನು ದಂಡೆಯುದ್ದಕ್ಕೂ ನಿಲ್ಲಿಸಿ ಬಂದು ನನ್ನ ಪಕ್ಕ ಕಲ್ಲುಬೆಂಚಿನ ಮೇಲೆ ಕುಳಿತಳು. ವಾರ್ಡಿನಲ್ಲಿ ಒಬ್ಬರು ಅಜ್ಜಿ ಮೊನ್ನೆ ತೀರಿಕೊಂಡರಂತೆ. ಮೊಮ್ಮಗಳು ಬಂದು, ಅಜ್ಜಿ ಕೊನೆಗೆ ನನ್ನ ಬಗ್ಗೆ ಎಂತ ಹೇಳಿದ್ರು ಎಂದು ಇವಳನ್ನು ಕೇಳಿದಳಂತೆ.

"ನೀನು ಎಂತ ಹೇಳಿದೆ?"

"ಅಜ್ಜಿ ಹೇಳಿದ್ದನ್ನೇ ಹೇಳಿದೆ. ನೀರು ಕೇಳಿದ್ರು ಅಂತ." ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. "ಟೀಚರಿಗೆ ನನ್ನ ಮೇಲೆ ಕೋಪ ಬಂದಿತ್ತಾ ಅಂಕಲ್?"

ಮರಿಗಳ ವಿಷಯಕ್ಕೆ ಬಂದ ಆ ಫೋನಿನ ಕೊನೆಯಲ್ಲಿ ಟೀಚರ್ ಹೇಳಿದ್ದೆಂದು ನಾನು ಇಷ್ಟು ವರ್ಷ ಇಟ್ಟುಕೊಂಡ ಒಂದು ಮಾತಿದೆ. ನಿಜವಾಗಿ ಹೇಳಿದರೋ, ಅವರು ಹೋದ ಮೇಲೆ ನನ್ನ ಸಮಾಧಾನಕ್ಕೆ ನಾನೇ ಜೋಡಿಸಿಕೊಂಡೆನೋ... ಎಷ್ಟು ಸಲ ಕೇಳಿಸಿಕೊಂಡಿದ್ದೇನೆಂದರೆ ಅದರಲ್ಲಿ ಅವರ ಕೆಮ್ಮೂ ಇದೆ. ಆದರೆ ಕೆಮ್ಮು ಶುರುವಾದದ್ದು ಆಮೇಲೆ. ಅದನ್ನು ಖಾತ್ರಿಯೆಂಬಂತೆ ಅವಳ ಕೈಯಲ್ಲಿ ಇಟ್ಟುಬಿಡಬಹುದಿತ್ತು.

"ಖಾತ್ರಿ ಇಲ್ಲ," ಎಂದೆ. "ನನ್ನ ನೆನಪಿನಲ್ಲಿ ಉಂಟು, ಅಷ್ಟೇ. ಹುಡುಗಿಯದ್ದು ತಪ್ಪಿಲ್ಲ, ಅವಳು ಹೌದು ಅನ್ನುವ ಹಾಗೆಯೇ ನಾನು ಕೇಳಿದ್ದು, ಅಂತ ಟೀಚರ್ ಹೇಳಿದ್ರು. ಹೇಳಿದ ಹಾಗೆ ಅನಿಸ್ತದೆ."

ಅವಳು ನೀರನ್ನೇ ನೋಡುತ್ತಿದ್ದಳು. ದಂಡೆಯಲ್ಲಿ ಒಬ್ಬ ಹುಡುಗ ಇನ್ನೊಬ್ಬನನ್ನು ತಳ್ಳಿದ, ಅವಳು ಬೈಯಲಿಲ್ಲ.

"ಇನ್ನೊಮ್ಮೆ ಹೇಳಿ ಅಂಕಲ್. ಖಾತ್ರಿ ಇಲ್ಲದಿದ್ರೂ ಅಡ್ಡಿಯಿಲ್ಲ."

ಹೇಳಿದೆ. "ನಾನು ಹಾಗೆ ಕೇಳಿದ್ರೆ ಆ ಮಗು ಹೌದು ಅನ್ನದೆ ಎಂತ ಮಾಡ್ಲಿಕ್ಕುಂಟು, ಅವಳದ್ದು ತಪ್ಪಿಲ್ಲ." ಎರಡನೆಯ ಸಲ ಹುಡುಗಿ ಎಂಬ ಮಾತು ಹೋಗಿ ಮಗು ಎಂಬುದು ಬಂದಿತ್ತು. ಅದು ನಮ್ಮಿಬ್ಬರಿಗೂ ಕೇಳಿಸಿತು. ಯಾವುದು ಸರಿ ಎಂದು ಬೋಳಾರಕ್ಕೆ ಫೋನ್ ಮಾಡಿ ಟೀಚರನ್ನು ಕೇಳುವ ಹಾಗಿರಲಿಲ್ಲ.