ಅಂಬಮ್ಮನ ಹೆಸರಿರುವ ಫ್ಲೆಕ್ಸು

ಸೋಲೂರಿನಿಂದ ಒಳಕ್ಕಿರುವ ನಮ್ಮೂರಿನಲ್ಲಿ ಅಂಬಮ್ಮನ ಮನೆಯೆಂದರೆ ನಲವತ್ತೆರಡು ಕುರಿಗಳ ಮನೆ. ಕುರಿ ಮೇಯಿಸುವವಳು ಅಂಬಮ್ಮ, ಮರಿ ಹಾಕಿಸುವವಳು ಅಂಬಮ್ಮ, ಗೊರಸು ಕೊಳೆತರೆ ಔಷಧಿ ಹಚ್ಚುವವಳೂ ಅಂಬಮ್ಮ. ಗಂಡ ನರಸಯ್ಯ ಮಾಲೀಕ. ಮಾಲೀಕತ್ವ ಬಹಳ ದಣಿವಿನ ಕೆಲಸವಾದ್ದರಿಂದ ಅವನು ಹೆಚ್ಚಾಗಿ ಅರಳಿಕಟ್ಟೆಯ ಮೇಲೆ ಒರಗಿರುತ್ತಾನೆ.

ಅಂಬಮ್ಮನ ಮಂಡಿನೋವಿಗೆ ಈಗ ಮೂರು ವರ್ಷ. ಬಸ್ಸು ಹೆಂಗಸರಿಗೆ ಫ್ರೀ, ಸೋಲೂರಿನವರೆಗೆ ರಾಣಿಯಂತೆ ಹೋಗಬಹುದು. ಇಳಿದ ಮೇಲೆ ಎಕ್ಸ್‌ರೇ ಫ್ರೀ ಅಲ್ಲ. ಗೃಹಲಕ್ಷ್ಮಿ ದುಡ್ಡು ಬೀಳುವುದು ಅತ್ತೆಯ ಖಾತೆಗೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಆಕೆ. ನರಸಯ್ಯನನ್ನು ಕೇಳಿದರೆ, “ಕುರಿ ಮಾರಿದ್ಮೇಲೆ ನೋಡಾಣ” ಅಂದ. ಮಾರಿದ. ನೋಡಲಿಲ್ಲ.

ಚಿಕಿತ್ಸೆಗೆ ಏನಾದರೂ ಸಹಾಯವಾದೀತೇ ಎಂದು ಪಂಚಾಯಿತಿಗೆ ಹೋದಳು. ಬಡವರ ಪಟ್ಟಿಯಲ್ಲಿ ಹೆಸರಿರಲಿಲ್ಲ. “ನಲವತ್ತೆರಡು ಕುರಿ ಇರೋ ಮನೆ ಕಣಮ್ಮ ನಿಮ್ದು” ಎಂದರು ಪಿಡಿಓ, ಕುರಿಗಳನ್ನು ತಾವೇ ದಾನ ಕೊಟ್ಟವರಂತೆ.

ಮುಂದಿನ ಮಹಿಳಾ ಗ್ರಾಮಸಭೆಯಲ್ಲಿ ಅಂಬಮ್ಮ ಎದ್ದು ನಿಂತಳು.

“ಸಾಮಿ, ಕುರಿ ದಪ್ಪ ಕಾಣೋದು ಉಣ್ಣೆಯಿಂದ. ಬೆನ್ನ್ ಮೇಲೆ ಕೈ ಇಕ್ಕಿ ನೋಡುದ್ರೆ ಮೂಳೆ ಸಿಕ್ತದೆ. ನೀವು ಬರೀ ಮನೆ ನೋಡಿ ಬರ್ಕತ್ತೀರಿ. ಒಳಗಿರೋ ಹೆಂಗಸಿನ ಬೆನ್ನು ಯಾರ್ ಮುಟ್ಟಿ ನೋಡವ್ರೆ?”

ಬಾಗಿಲಲ್ಲಿ ನಿಂತಿದ್ದ ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ. ಮೂವತ್ತೊಂದು ಜನ ಅಂಬಮ್ಮನ ಜೊತೆ ಸೇರಿದರು. ಪಕ್ಕದ ಮನೆಯ ಶಿವಲಕ್ಷ್ಮಿ ಎಸ್ಸೆಸ್ಸೆಲ್ಸಿ ಪಾಸು. ಅರ್ಜಿ ಬರೆದವಳು ಅವಳೇ. ಕೇಳಿದ್ದು ಇಷ್ಟೇ, ಮನೆಯ ಲೆಕ್ಕದ ಜೊತೆ ಒಬ್ಬೊಬ್ಬ ಹೆಂಗಸಿನ ಸ್ಥಿತಿಯನ್ನೂ ಬೇರೆಯಾಗಿ ಬರೆಯಬೇಕು: ಅವಳ ಹೆಸರಿನಲ್ಲಿ ಏನಿದೆ, ಹುಷಾರು ತಪ್ಪಿದರೆ ಯಾರನ್ನು ಬೇಡಬೇಕು. ಅರ್ಜಿ ಹಿಡಿದು ಎರಡು ವರ್ಷ ಕಚೇರಿಗಳಿಗೆ ತಿರುಗಿದರು. ಅಂಬಮ್ಮ ಉಳಿದ ಹೆಂಗಸರಿಗೆ ಹೇಳದ್ದನ್ನೆಲ್ಲ ಶಿವಲಕ್ಷ್ಮಿಗೆ ಹೇಳಿದಳು. ಹಟ್ಟಿಯ ಮೂಲೆಯಲ್ಲಿ ಬೆನ್ನಿಗೆ, ಮಂಡಿಗೆ ಎಣ್ಣೆ ತಿಕ್ಕಿದವಳೂ ಶಿವಲಕ್ಷ್ಮಿಯೇ.

ಪಂಚಾಯಿತಿ ಚುನಾವಣೆ ಬಂತು. “ನೀನೇ ನಿಂತ್ಕೊಳೆ” ಎಂದು ಶಿವಲಕ್ಷ್ಮಿಯನ್ನು ನಿಲ್ಲಿಸಿ, ಅದೇ ಮಂಡಿಯಲ್ಲಿ ಮನೆಮನೆ ಹತ್ತಿಳಿದು ಅಂಬಮ್ಮ ವೋಟು ಕೇಳಿದಳು. ಶಿವಲಕ್ಷ್ಮಿ ಗೆದ್ದಳು, ಮೀಸಲಾತಿಯಲ್ಲಿ ಅಧ್ಯಕ್ಷೆಯೂ ಆದಳು. ಕುರ್ಚಿಗೆ ಬಿಳಿ ಟರ್ಕಿ ಟವೆಲ್ ಹೊದಿಸಿದರು. ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ಮುತ್ತುರಾಜು ಕೂತ. ಆ ಕುರ್ಚಿ ಒಸಿ ದೊಡ್ಡದಿತ್ತು.

ಅರ್ಜಿ ನಿಜವೋ ಸುಳ್ಳೋ ಎಂದು ನೋಡಲು ಮೇಲಿನಿಂದ ಒಬ್ಬ ಅಧಿಕಾರಿ ಬರುವುದಾಯಿತು. ಗಂಡನ ಎದುರು ಯಾವ ಹೆಂಗಸೂ ಬಾಯಿ ಬಿಡಲಾರಳು, ಆದ್ದರಿಂದ ಎಲ್ಲರ ಪರವಾಗಿ ಅಧ್ಯಕ್ಷೆಯೇ ಹೇಳಬೇಕು ಎಂದು ಮಾತಾಯಿತು. ಹಿಂದಿನ ದಿನ ಶಿವಲಕ್ಷ್ಮಿ ಚೀಲ ಹಿಡಿದು ಬಂದಳು.

“ಅಕ್ಕಾ, ನಾಳೆ ಈ ರೇಷ್ಮೆ ಸೀರೆ ಉಟ್ಕೊ.”

“ಯಾಕೆ? ಇರೋದ್ನ ಇದ್ದಂಗೆ ನೋಡ್ಲಿ ಬುಡು.”

“ಮನೇಗ್ ಬಂದೋರ್ ಮುಂದೆ ಹರುಕ್ಲು ಉಟ್ಕಂಡ್ ನಿಂತ್ಕತ್ತೀಯಾ? ನರಸಯ್ಯಣ್ಣನ ಮರ್ವಾದೆ ಏನಾಯ್ತದೆ? ಮಾತಾಡಕ್ ನಾನಿಲ್ವಾ?”

ಅಲ್ಲಿಗೆ ಅಂಬಮ್ಮ ಸೋತಳು. ನಮ್ಮೂರಿನ ಹೆಂಗಸರು ಹಸಿದುಕೊಂಡು ಇದ್ದಾರು. ನೆಂಟರ ಮುಂದೆ ಹಳೇ ಸೀರೆಯಲ್ಲಿ ನಿಲ್ಲುವುದಿಲ್ಲ. ಮಾರನೆಯ ದಿನ ಮೂವತ್ತೊಂದು ಮನೆಯಲ್ಲೂ ಎರವಲು ಸೀರೆ, ಎರವಲು ಸರ, ಉಪ್ಪಿಟ್ಟು, ಕೇಸರಿಬಾತು. ಬಡತನ ನೋಡಲು ಬಂದ ಅಧಿಕಾರಿ ಐದನೆಯ ಮನೆಯ ಹೊತ್ತಿಗೆ ಬೆಲ್ಟು ಸಡಿಲಿಸಿದರು.

ಅಂಬಮ್ಮನ ಮನೆಯಲ್ಲಿ ಕೇಳಿದರು: “ಏನಮ್ಮ, ಏನು ತೊಂದರೆ?”

“ಅವಳಿಗೇನ್ ಸಾರ್, ಎಲ್ಲಾ ಅವಳ್ದೇ ಕಾರುಬಾರು” ಎಂದ ನರಸಯ್ಯ.

ಅಂಬಮ್ಮ ಶಿವಲಕ್ಷ್ಮಿಯ ಮುಖ ನೋಡಿದಳು. ಶಿವಲಕ್ಷ್ಮಿ ಸೆರಗು ಸರಿ ಮಾಡಿಕೊಂಡು, “ನಮ್ಮ ಪಂಚಾಯಿತಿಯ ಮಹಿಳೆಯರೆಲ್ಲ ಸ್ವಾವಲಂಬಿಗಳು ಸಾರ್. ಇವ್ರನ್ನೇ ನೋಡಿ, ನಲವತ್ತೆರಡು ಕುರಿ” ಅಂದಳು. ಮುತ್ತುರಾಜು ಫೋಟೊ ತೆಗೆದ.

ಎರಡು ತಿಂಗಳಿಗೆ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸು ಎದ್ದಿತು. ‘ಮಹಿಳಾ ಬಡತನಮುಕ್ತ ಪಂಚಾಯಿತಿ ಪ್ರಶಸ್ತಿ.’ ಮೇಲೆ ಕೈ ಮುಗಿದ ಶಿವಲಕ್ಷ್ಮಿ, ಪಕ್ಕದಲ್ಲಿ ಯಾರಿಗೋ ಬಹಳ ಮುಖ್ಯವಾದ ಫೋನು ಮಾಡುತ್ತಿರುವ ಮುತ್ತುರಾಜು. ಕೆಳಗೆ ರೇಷ್ಮೆ ಸೀರೆಯ ಹೆಂಗಸು: ‘ಸ್ವಾವಲಂಬಿ ಮಹಿಳೆ ಶ್ರೀಮತಿ ಅಂಬಮ್ಮ ಕೋಂ ನರಸಯ್ಯ.’

ಅಂಬಮ್ಮ ಸೀರೆ ಒಗೆದು ಮಡಿಸಿ ಪಂಚಾಯಿತಿಗೆ ಒಯ್ದು ಮೇಜಿನ ಮೇಲೆ ಇಟ್ಟಳು.

“ಬೇರೆಯೋರು ಹಿಂಗ್ ಮಾಡಿದ್ರೆ ಬುಟ್ಬುಡ್ತಿದ್ದೆ. ನನ್ ಬೆನ್ನು ಮುಟ್ಟಿ ನೋಡಿದ್ದೋಳು ಕಣೆ ನೀನು.”

ಶಿವಲಕ್ಷ್ಮಿ ಫೈಲಿನಿಂದ ತಲೆ ಎತ್ತಲಿಲ್ಲ. “ಬಡ ಹೆಂಗಸ್ರು ಅವ್ರೆ ಅಂತ ಬರೆಸಿದ್ರೆ, ಅಧ್ಯಕ್ಷೆ ಏನ್ ಕಡ್ದಾಕವ್ಳೆ ಅಂತ ಕೇಳಲ್ವಾ ಅಕ್ಕಾ? ಈಗ ಯಾರೂ ಇಲ್ಲ ಅಂತ ನಡಾವಳಿ ಆಗೋಗೈತೆ.”

“ಮತ್ತೆ ನಾನು?”

“ನೀನು ಫ್ಲೆಕ್ಸಲ್ಲಿದ್ದೀಯಲ್ಲಕ್ಕ.”

ಆಮೇಲೆ ಜೊತೆ ಸೇರಿದ್ದ ಉಳಿದ ಮೂವತ್ತು ಜನರಲ್ಲಿ ಒಬ್ಬಳೂ ಅಂಬಮ್ಮನ ಮನೆ ಕಡೆ ಬರಲಿಲ್ಲ. ಅವರೂ ಆ ದಿನ ರೇಷ್ಮೆಯಲ್ಲೇ ನಿಂತಿದ್ದವರು.

ಮಳೆಗಾಲ ಶುರುವಾದಾಗ ಫ್ಲೆಕ್ಸು ಒಂದು ಬದಿ ಕಿತ್ತು ಜೋತಾಡುತ್ತಿತ್ತು. ಅಂಬಮ್ಮ ಅದನ್ನು ಬಿಚ್ಚಿ, ಸುತ್ತಿ, ತಲೆಯ ಮೇಲೆ ಹೊತ್ತು ತಂದಳು. ಮರಿಗಳ ಗೂಡು ಸೋರುತ್ತಿತ್ತು. ಅರಳಿಕಟ್ಟೆಯಿಂದ ಬಂದ ನರಸಯ್ಯ ಹರಡಿದ್ದ ಫ್ಲೆಕ್ಸನ್ನು ಓದಿದ.

“ಕೋಂ ನರಸಯ್ಯ ಅಂತ ಐತೆ. ಇದ್ರಲ್ಲೂ ನಂದು ಪಾಲೈತೆ ಕಣಮ್ಮಿ.”

“ಹಂಗಾರೆ ಮೇಲಕ್ ಹತ್ತಿ ಕಟ್ಟು. ನನ್ ಮಂಡಿ ಬಗ್ಗಾಕಿಲ್ಲ” ಎಂದು ಹಗ್ಗ ಚಾಚಿದಳು.

ನರಸಯ್ಯ ಗೂಡಿನ ಎತ್ತರ ನೋಡಿದ, ಮೋಡ ನೋಡಿದ. “ನಾಳೆ ನೋಡಾಣ” ಎಂದು ಹೊರಟ.

ಅಂಬಮ್ಮ ಒರಳುಕಲ್ಲನ್ನು ಉರುಳಿಸಿಕೊಂಡು ಬಂದು ಗೂಡಿನ ಪಕ್ಕ ನಿಲ್ಲಿಸಿದಳು. ಮೊದಲು ನೋವಿಲ್ಲದ ಕಾಲನ್ನು ಅದರ ಮೇಲಿಟ್ಟಳು.